ತಾರಸಿಯ ಮೇಲಿನ ಸಟ್ಟುಗ

ದೆವ್ವ, ಆತ್ಮ ಎಂದರೆ ನಗುತ್ತಿದ್ದವಳು ನಾನು. ಇದನ್ನೋದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ತ್ರಿಪ್ಲಿಕೇನಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಉಡುಪಿ ಕಡೆಯಿಂದ ಬಂದ ಮಾವನವರು ಶುರುಮಾಡಿದ್ದು. ನನ್ನ ಗಂಡ ಅದರ ತಾರಸಿಗೆ ಸೋಲಾರ್ ಫಲಕ ಹಾಕಿಸಿದರು. ಸಿಡಿಲಿನ ಹೊಡೆತ ತಂತಿಯಲ್ಲಿ ಹರಿದು ಇನ್ವರ್ಟರ್ ಸುಡಬಾರದೆಂದು ಅರ್ತಿಂಗ್ ಮಾಡಿಸಿ, ಒಂದು ರಕ್ಷಣೆಯ ಪೆಟ್ಟಿಗೆಯನ್ನೂ ಕೂರಿಸಿದರು. ಅದರ ಪುಟ್ಟ ಕಿಟಕಿ ಹಸಿರಾಗಿದ್ದರೆ ಕ್ಷೇಮ. ಹೊಡೆತವನ್ನು ತಾನೇ ನುಂಗಿ ಕೆಟ್ಟುಹೋದರೆ ಕೆಂಪು. ಇಷ್ಟೆಲ್ಲ ಮಾಡಿಸಿದವರು, ಗುಡುಗು ಕೇಳಿದೊಡನೆ, ಊರಲ್ಲಿ ಸಿಡಿಲು ಮನೆಗೆ ಬಡಿಯದಿರಲೆಂದು ಅಂಗಳಕ್ಕೆ ಕತ್ತಿ ಎಸೆಯುತ್ತಾರಲ್ಲ, ಹಾಗೆ ದೋಸೆ ಮಗುಚುವ ಹಳೆಯ ಕಬ್ಬಿಣದ ಸಟ್ಟುಗ ಹಿಡಿದು ತಾರಸಿಗೆ ಓಡುತ್ತಿದ್ದರು. ಪೆಟ್ಟಿಗೆಯ ಕೆಳಗೆ ಅದನ್ನು ಕವುಚಿ ಇಟ್ಟರೇ ಸಮಾಧಾನ. ನಾನು ಗೇಲಿ ಮಾಡಿದರೆ, "ಪೆಟ್ಟಿಗೆ ಅದರ ಕೆಲ್ಸ ಮಾಡ್ಲಿ, ಸಟ್ಟುಗ ಅದರ ಕೆಲ್ಸ ಮಾಡ್ಲಿ ಮಾರಾಯ್ತಿ. ನಿಂಗೆಂತ?" ಎನ್ನುತ್ತಿದ್ದರು.

ಒಂದು ದಿನ ಎದೆನೋವೆಂದು ಕೂತವರು ಏಳಲೇ ಇಲ್ಲ. ಆ ಸಟ್ಟುಗ ಬೇರೆಯವರ ಕೈಗೆ ಹೋಗುವುದು ಬೇಡವೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಫಲಕಗಳು ಅವರು ಬಿಟ್ಟುಹೋದ ಕೊನೆಯ ಕೆಲಸ. ಅವಕ್ಕೇನಾದರೂ ಆದರೆ ಅವರನ್ನು ಇನ್ನೊಮ್ಮೆ ಕಳೆದುಕೊಂಡೇನೆಂಬ ಹೆದರಿಕೆ ನನಗೆ.

ಕೆಲವು ತಿಂಗಳ ನಂತರ, ಸಂಜೆ ಟಿಫಿನ್ ಹೊತ್ತಿಗೆ ಸಿಡಿಲು ಬಡಿಯಿತು. ಪಕ್ಕದ ಲಾಡ್ಜಿನ ಟೀವಿಗಳೆಲ್ಲ ಸುಟ್ಟವು. ನಾನು ಗಲ್ಲಾ ಬಿಟ್ಟೆದ್ದು, ಮಗಳೊಂದಿಗೆ ಮಳೆಯಲ್ಲೇ ಹೋಗಿ ತಾರಸಿಯ ಬೀಗ ತೆಗೆದೆ. ಕಿಟಕಿ ಕೆಂಪಾಗಿತ್ತು, ಇನ್ವರ್ಟರ್ ಉಳಿದಿತ್ತು. ಅದರಲ್ಲಿ ವಿಚಿತ್ರವೇನಿಲ್ಲ, ಪೆಟ್ಟಿಗೆ ಇರುವುದೇ ಅದಕ್ಕೆ. ಆದರೆ ಅದರ ಕೆಳಗೆ ಅದೇ ಸಟ್ಟುಗ ಕವುಚಿಕೊಂಡು ಬಿದ್ದಿತ್ತು. ನೆಲವೆಲ್ಲ ನೀರು. ಎತ್ತಿಕೊಂಡರೆ ಅದು ಮಾತ್ರ ಒಣಗಿಯೇ ಇತ್ತು.

ಕೆಳಗೆ ಬಂದು ನೋಡಿದೆ. ಬೀರುವಿನ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು, ಒಳಗೆ ಸಟ್ಟುಗ ಇರಲಿಲ್ಲ. ಬೀರುವಿನದು, ತಾರಸಿಯದು, ಎರಡು ಬೀಗದ ಕೈಗಳೂ ನನ್ನ ಸೊಂಟದಲ್ಲೇ ಇದ್ದವು.

"ನೀಯೇ ವೆಚ್ಚಿಟ್ಟು ಮರಂದಿರುಪ್ಪ ಮಾ," ಎಂದಳು ಮಗಳು ತಮಿಳಿನಲ್ಲಿ. ನಾನೇ ಇಟ್ಟು ಮರೆತಿರಬೇಕಂತೆ. ಇರಬಹುದು, ಆಗೆಲ್ಲ ಊಟ ಮಾಡಿದ್ದೂ ನನಗೆ ನೆನಪಿರುತ್ತಿರಲಿಲ್ಲ. ಆದರೆ ಆ ಮಳೆಯಲ್ಲಿ ಅದು ನೆನೆಯಲಿಲ್ಲವೇಕೆ?

ಹೊಸ ಪೆಟ್ಟಿಗೆ ಹಾಕಿಸಿದ್ದೇವೆ. ಈಗಲೂ ಗುಡುಗಿದರೆ ನಾನು ಬೀರುವಿನ ಬೀಗ ತೆಗೆದಿಟ್ಟು ಕಾಯುತ್ತೇನೆ. ಸಟ್ಟುಗ ಇದ್ದಲ್ಲೇ ಇರುತ್ತದೆ. ಅಂದು ಬಂದದ್ದು ಅವರೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಅವರೇ ಆಗಿದ್ದರೆ ಒಂದು ಕೇಳಬೇಕು. ತಾರಸಿಯ ತನಕ ಬಂದವರು, ನಾಲ್ಕು ಮೆಟ್ಟಿಲಿಳಿದು ನನ್ನನ್ನೊಮ್ಮೆ ನೋಡಿ ಹೋಗಬಾರದಿತ್ತೇ?