ಬೋರ್‌ವೆಲ್ ಉಸಿರಾಡುವ ಹೊತ್ತು

೨೦೦೩, ಏಪ್ರಿಲ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಮೂರು ಗಂಟೆ. ತಿಪಟೂರಿನ ನಮ್ಮ ಹಿತ್ತಲಲ್ಲಿ ಹಾಜರಿದ್ದವರು: ನಾನು, ನನ್ನ ಹೆಂಡತಿ ಗಂಗಮ್ಮ, ಪಕ್ಕದ ಮನೆಯ ನಂಜಪ್ಪ ಮತ್ತು ಬತ್ತಿಹೋದ ನಮ್ಮ ಬೋರ್‌ವೆಲ್. ಬೋರ್‌ವೆಲ್ಲನ್ನು ಹಾಜರಿಯಲ್ಲಿ ಸೇರಿಸಲು ಕಾರಣವಿದೆ. ಅದು ಉಸಿರಾಡುತ್ತದೆ.

ತಮಾಷೆಯಲ್ಲ. ಪೈಪಿನ ಬಾಯಿಗೆ ಮುಚ್ಚಿದ ಚಪ್ಪಡಿಯ ಸಂದಿಯಿಂದ ಮೂರರ ಹೊತ್ತಿಗೆ ಹೂಂ ಎಂದು ತಣ್ಣನೆಯ ಗಾಳಿ ಬರುತ್ತದೆ, ನಿದ್ದೆಯಲ್ಲಿ ಯಾರೋ ನರಳಿದ ಹಾಗೆ. ಹೊತ್ತು ಮುಳುಗಿದ ಮೇಲೆ ಅದೇ ಸಂದಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಬದುಕೆಲ್ಲ ಗಡಿಯಾರ ನೋಡಿದವನು ನಾನು. ನೊಣವಿನಕೆರೆ ಬಸ್ಸಿಗಿಂತ ಇದಕ್ಕೆ ಶಿಸ್ತು ಹೆಚ್ಚು ಎಂದು ಮೆಚ್ಚಿಕೊಂಡೆ.

ಕಾರಣವೂ ನನಗೆ ಗೊತ್ತು. ಹೊರಗಿನ ಗಾಳಿಯ ಒತ್ತಡ ಇಳಿದಾಗ ನೆಲದೊಳಗಿನ ಗಾಳಿ ಮೇಲೆ ಬರುತ್ತದೆ. ನೀರಿದ್ದ ಬಿರುಕುಗಳಲ್ಲಿ ಈಗ ಗಾಳಿ ತುಂಬಿದೆ, ಅಷ್ಟೆ. ಗಂಗಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿ, "ನಾನೂ ಅದೇ ಹೇಳಿದ್ದು ಕಣ್ರೀ. ಅದಕ್ಕೆ ಬಾಯಾರೈತೆ" ಎಂದಳು.

ಭೂಮಿ ಬಿಸಿಯಾಗುತ್ತಿದೆ ಎಂಬುದನ್ನು ನಮ್ಮ ಬೀದಿಯಲ್ಲಿ ಮೊದಲು ನಂಬಿದವನು ನಾನೇ. ಜಗಲಿಯ ಮೇಲೆ ಕೂತು ಎಷ್ಟೋ ಸಂಜೆ ಭಾಷಣ ಮಾಡಿದ್ದೇನೆ. ನಂಬಿಕೆ ಬಾಯಿಗೆ ಬಂದಷ್ಟು ಬೇಗ ಕೈಗೆ ಇಳಿಯುವುದಿಲ್ಲ. ನಮ್ಮ ಕಡೆ ಬಚ್ಚಲ ನೀರು ಹರಿಯುವಲ್ಲಿ ಒಂದು ತೆಂಗು ಇರಲೇಬೇಕು. ತೋಟದ ಮರಗಳು ಮುನಿಸಿಕೊಂಡ ವರ್ಷವೂ ಬಚ್ಚಲ ತೆಂಗು ಕಾಯಿ ಕೊಡುತ್ತದೆ. ನಮ್ಮದನ್ನು ನನ್ನ ತಾಯಿ ನೆಟ್ಟಿದ್ದು. ಹಿತ್ತಲು ಒಪ್ಪವಾಗಿರಲಿ ಎಂದು ಹೋದ ವರ್ಷ ನಾನು ಸಿಮೆಂಟಿನ ಚರಂಡಿ ಮಾಡಿಸಿ ಆ ನೀರನ್ನು ಬೀದಿಗೆ ಕಳಿಸಿದೆ. ಈಗ ಗರಿಗಳು ಜೋತುಬಿದ್ದು ಹೀಚು ಉದುರುತ್ತಿತ್ತು. ನೆತ್ತಿಯ ಸುಳಿ ಮಾತ್ರ ಹಸಿರಾಗಿತ್ತು, ಅದೂ ಒಣಗಿದರೆ ಮರ ಮುಗಿದಂತೆ.

ಕಡಿಸುವುದೋ ಉಳಿಸುವುದೋ ಹೇಳಲು ನಂಜಪ್ಪನನ್ನು ಕರೆದಿದ್ದೆ. ಅವನು ಸುಳಿ ನೋಡಿದ, ಚರಂಡಿ ನೋಡಿದ. "ಭೂಮಿ ಕಾದೋಯ್ತು ಅಂತ ಊರಿಗೆಲ್ಲ ಹೇಳ್ತೀರಿ. ಈ ಮರ ನಿಮ್ಮ ಭಾಷಣ ಕುಡ್ಕಂಡು ಬದುಕ್ತದಾ?" ಎಂದ.

ಉತ್ತರ ಕೊಡಲು ಬಾಯಿ ತೆರೆದೆ. ಚಪ್ಪಡಿಯ ಕೆಳಗಿನಿಂದ ಹೂಂ ಎಂದಿತು.

ಮೇಲೆ ಒಂದು ಗರಿಯೂ ಅಲುಗುತ್ತಿರಲಿಲ್ಲ, ಕಾಲಿಗೆ ಮಾತ್ರ ತಣ್ಣಗೆ ಗಾಳಿ ತಾಗಿತು. ಒತ್ತಡದ ವಿಚಾರ ನಾನು ಮರೆತಿರಲಿಲ್ಲ. ಆದರೂ ನಂಜಪ್ಪನ ಮಾತಿಗೆ ನೆಲದಡಿಯಿಂದ ಯಾರೋ ಹೂಂಗುಟ್ಟಿದಂತಾಯಿತು.

ಹಾರೆ ತಂದೆ. ಸಂಜೆಯೊಳಗೆ ಚರಂಡಿ ಒಡೆದು, ಮರದ ಬುಡಕ್ಕೆ ಕಾಲುವೆ ತೋಡಿ, ಪಾತಿಗೆ ತೆಂಗಿನಕಾಯಿಯ ಸಿಪ್ಪೆ ಹಾಸಿದೆವು. ಗಂಗಮ್ಮ ಸ್ನಾನ ಮಾಡಿದಳು. ನೀರು ಬಂದು ಸಿಪ್ಪೆಯೊಳಗೆ ಸದ್ದಿಲ್ಲದೆ ಇಂಗಿತು. ಮರ ಉಳಿಯುತ್ತದೋ ಇಲ್ಲವೋ ಮಳೆಗಾಲದವರೆಗೆ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಬೋರ್‌ವೆಲ್ ಉಸಿರನ್ನು ಒಳಗೆಳೆಯಲು ಶುರುಮಾಡಿತ್ತು, ಒದ್ದೆ ಮಣ್ಣಿನ ವಾಸನೆ ಹಿಡಿದವರಂತೆ.

ದಿನದ ಕಡೆಯ ಕೆಲಸ ಹಾರೆ ತೊಳೆದಿಡುವುದು. ಪುರಸಭೆಯ ನಲ್ಲಿಗೆ ಕೈ ಹಾಕಿದವನು ಚಪ್ಪಡಿಯ ಕಡೆ ಒಮ್ಮೆ ನೋಡಿ, ಕೈ ತೆಗೆದೆ. ಹಿಡಿ ತೆಂಗಿನ ನಾರಿನಿಂದ ಹಾರೆಯನ್ನು ಚೆನ್ನಾಗಿ ಒರೆಸಿ ಮೂಲೆಗಿಟ್ಟೆ.