ಚಿತ್ರದ ಅಂಚಿನ ತೋಳು

ಎವಾರಿಸ್ತೊ ಹರಮಿಯೊನಿಗೆ ಕಂಪನಿ ಇನ್ನೂ ಕೊಡಬೇಕಾದದ್ದು ನಾಲ್ಕು ತಿಂಗಳ ಸಂಬಳ ಮತ್ತು ಒಂದು ಬಲಭುಜ. ಸಂಬಳ ಇವತ್ತಲ್ಲ ನಾಳೆ ಬಂದೀತು. ಭುಜದ ಮಾತು ತೆಗೆದರೆ ಮಾತ್ರ ಆಫೀಸಿನವರು ಮೇಜಿನ ಮೇಲಿನ ಪೆನ್ನನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಎತ್ತಿಡಲು ಶುರುಮಾಡುತ್ತಾರೆ.

ಅವನು ‘ಗವಿಯೊತಿನ್’ ಎಂಬ ಸಣ್ಣ ಹಡಗಿನಲ್ಲಿ ಖಲಾಸಿ. ಗಲಾಪಗಸ್ ದ್ವೀಪಗಳನ್ನು ವಾರಕ್ಕೊಂದು ಸುತ್ತು ಹಾಕುವ, ಹದಿನಾರು ಪ್ರವಾಸಿಗರ ಹಡಗು ಅದು. ಹಡಗು ದಡಕ್ಕೆ ತಾಗುವುದಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತದೆ. ಅಲ್ಲಿಂದಾಚೆಗೆ ಎಲ್ಲ ಪಾಂಗಾದ ಕೆಲಸ. ಪಾಂಗಾ ಅಂದರೆ ಎಂಜಿನ್ ಕಟ್ಟಿದ ರಬ್ಬರ್ ದೋಣಿ. ಬೆಳಿಗ್ಗೆ ಹಕ್ಕಿ ನೋಡಲು ದಡಕ್ಕೆ, ವಾಪಸ್ ಹಡಗಿಗೆ. ಸ್ನಾರ್ಕೆಲ್ ಕಟ್ಟಿಕೊಂಡು ಆಮೆಗಳ ಜೊತೆ ಈಜಲು ನೀರಿಗೆ, ಮತ್ತೆ ವಾಪಸ್. ಊಟ, ಹುಟ್ಟು ಹಾಕುವ ಕಯಾಕ್, ಸಂಜೆಗೆ ಇನ್ನೊಂದು ದಡ. ಪ್ರತಿ ಸಲವೂ ಹಡಗಿನ ಹಿಂಬದಿಯ ಮೆಟ್ಟಿಲಿನಿಂದ ದೋಣಿಗೆ ಇಳಿಯಬೇಕು, ದೋಣಿಯಿಂದ ಬಂಡೆಗೆ ಹತ್ತಬೇಕು. ಹಡಗು ಅಲುಗುತ್ತದೆ, ದೋಣಿಯೂ ಅಲುಗುತ್ತದೆ, ಎರಡೂ ತಂತಮ್ಮ ತಾಳಕ್ಕೆ. ನಡುವೆ ನೆಚ್ಚಬಹುದಾದ ವಸ್ತು ಒಂದೇ, ಎವಾರಿಸ್ತೊನ ಬಲಗೈ.

ಆ ಹಿಡಿತಕ್ಕೊಂದು ಕ್ರಮವಿದೆ. ಬೆರಳಿಗೆ ಬೆರಳು ಸೇರಿಸಿದರೆ ಉಪ್ಪುನೀರಿನಲ್ಲಿ ಜಾರುತ್ತದೆ. ಪ್ರವಾಸಿಗರು ಇವನ ಮಣಿಕಟ್ಟಿನ ಮೇಲುಭಾಗ ಹಿಡಿಯಬೇಕು, ಇವನು ಅವರದ್ದು. ಒಬ್ಬರು ಬಿಟ್ಟರೂ ಇನ್ನೊಬ್ಬರ ಹಿಡಿತ ಉಳಿದಿರುತ್ತದೆ. ಪ್ರಯಾಣದ ಮೊದಲ ದಿನ ಮಾರ್ಗದರ್ಶಿ ಇದನ್ನು ತೋರಿಸಿಕೊಡುವಾಗ ಎವಾರಿಸ್ತೊ ತೋಳು ಚಾಚಿ ನಿಂತಿರುತ್ತಾನೆ. ಎಲ್ಲರೂ ಸಾಲಾಗಿ ಬಂದು ಹಿಡಿದು ನೋಡಿ ಮುಂದೆ ಹೋಗುತ್ತಾರೆ, ಸಂತೆಯಲ್ಲಿ ಎತ್ತಿನ ಕಾಲು ನೋಡಿದ ಹಾಗೆ. ಅವರ ಮುಖ ಅವನಿಗೆ ನೆನಪಿರುವುದಿಲ್ಲ. ಮಣಿಕಟ್ಟು ನೆನಪಿರುತ್ತದೆ. ಗಡಿಯಾರ ಬಿಚ್ಚಿಟ್ಟ ಬಿಳಿ ಗುರುತಿನದು, ಹಕ್ಕಿಯ ಕಾಲಿನಷ್ಟು ಸಣ್ಣದು, ಬಿಸಿಲು ತಾಗದಂತೆ ಎಣ್ಣೆ ಬಳಿದುಕೊಂಡು ಬಂದು ಪ್ರಾಣ ತೆಗೆಯುವಂಥದ್ದು.

ಇದಕ್ಕೆ ಮುಂಚೆ ಅವನು ಮುಳುಗುಗಾರ. ಸಮುದ್ರ ಸೌತೆ ಎಂಬ, ಸೌತೆಕಾಯಿಯಂಥ ಮೆತ್ತನೆ ಕಡಲಜೀವಿಗೆ ಚಿನ್ನದ ಬೆಲೆ ಇದ್ದ ಕಾಲ. ದೋಣಿಯ ಮೇಲಿನ ಕಂಪ್ರೆಸರಿನಿಂದ ಕೊಳವೆಯಲ್ಲಿ ಬರುವ, ಡೀಸೆಲ್ ನಾರುವ ಗಾಳಿ ಎಳೆದುಕೊಳ್ಳುತ್ತ ಕಡಲತಳದಲ್ಲಿ ಅದನ್ನು ಹೆಕ್ಕುವುದು. ಸರ್ಕಾರ ಮಿತಿ ಹಾಕಿದಾಗ ಮೀನುಗಾರರು ಬೀದಿಗಿಳಿದರು, ಟೈರು ಸುಟ್ಟರು. ಎವಾರಿಸ್ತೊನೂ ಸುಟ್ಟ. ಮುಷ್ಕರ ಗೆದ್ದೆವೆಂದು ಕುಣಿದದ್ದೂ ಆಯಿತು. ಆಮೇಲೆ ಮುಳುಗಿ ನೋಡಿದರೆ ತಳದಲ್ಲಿ ಸೌತೆಯೇ ಇರಲಿಲ್ಲ, ನಾವೇ ಬಳಿದು ತಂದಿದ್ದೆವು. ಟೈರು ಸುಟ್ಟವರೂ ಸುಡಬೇಡಿ ಎಂದವರೂ ಒಂದೇ ಸಾಲಿನಲ್ಲಿ ಪ್ರವಾಸಿ ಹಡಗುಗಳ ಬಾಗಿಲಲ್ಲಿ ನಿಂತರು.

ಭುಜದ ನೋವು ಶುರುವಾಗಿ ಎರಡು ವರ್ಷವಾಗಿತ್ತು. ಕೆಲಸದ ಕರಾರು ವರ್ಷ ವರ್ಷ ಹೊಸದಾಗುವಂಥದ್ದು; ನೋವಿದೆ ಎಂದವನ ಕರಾರು ಹೊಸದಾಗುವುದಿಲ್ಲ. ಸಾನ್ ಕ್ರಿಸ್ತೋಬಲ್ ದ್ವೀಪದ ಮನೆಯಲ್ಲಿ ಹೆಂಡತಿ ನಾರ್ಸಿಸಾ ಅವನ ಭುಜಕ್ಕೆ ಮುಲಾಮು ತಿಕ್ಕುತ್ತಿದ್ದಳು. ಅವಳು ಬಂದರಿನ ಕಟ್ಟೆಯ ಬಳಿ ಬೊಲೋನ್ ಮಾರುವವಳು. ಬಾಳೆಕಾಯಿ ಬೇಯಿಸಿ, ಕುಟ್ಟಿ, ಒಳಗೆ ಚೀಸ್ ಇಟ್ಟು ಉಂಡೆ ಕಟ್ಟುವ ಕೈ. ಅದಕ್ಕೇ ಅವಳು ತಿಕ್ಕಿದರೆ ತೊಗಲು ಕಿತ್ತು ಬರುತ್ತಿತ್ತು.

“ಮುದುಕಾ, ಕ್ಯಾಪ್ಟನ್‌ಗೆ ಹೇಳು.”

“ಹೇಳಿದ್ರೆ ಇಳಿಸ್ತಾರೆ.”

“ಹೇಳ್ದೇ ಇದ್ರೆ?”

“ಇನ್ನೊಂದು ವರ್ಷ ಓಡುತ್ತೆ.”

“ಆಮೇಲೆ ನಿನ್ನ ಬಾಯಿಗೆ ತುತ್ತಿಡೋಕೆ ನಾನೇ ಬೇಕಾಗ್ತೀನಿ. ಆಗ ನಾನೂ ಕರಾರು ಮಾಡ್ಕೋತೀನಿ, ನೋಡ್ತಿರು. ಭಾನುವಾರ ರಜೆ.”

ಅವನು ಹೇಳಲಿಲ್ಲ. ಅದು ಅವನ ತಪ್ಪು, ಇರಲಿ. ತಪ್ಪು ಮಾಡದೆ ಕೆಲಸ ಉಳಿಸಿಕೊಂಡವರು ಯಾರಾದರೂ ಇದ್ದರೆ ತೋರಿಸಿ.

ಜಿನುಗು ಮಳೆಯ ಚಳಿಗಾಲದಲ್ಲಿ ನಮ್ಮ ಕಡಲು ಉಬ್ಬುತ್ತದೆ, ಕಡಲಸಿಂಹಗಳು ಮರಿ ಹಾಕುವುದೂ ಅದೇ ಹೊತ್ತಿಗೆ. ಆ ದಿನ ಬೆಳಿಗ್ಗೆ ಪಾಂಗಾ ಒಂದು ಪುಟ್ಟ ದ್ವೀಪದ ಬಂಡೆಗೆ ಮೂತಿ ಒತ್ತಿ ನಿಂತಿತ್ತು. ಬಂಡೆಯಲ್ಲಿ ಕಡಿದ ನಾಲ್ಕು ಮೆಟ್ಟಿಲ ಮೇಲೆ ಎಮ್ಮೆಯಷ್ಟು ದಪ್ಪದ ಗಂಡು ಕಡಲಸಿಂಹವೊಂದು ಅಡ್ಡ ಬಿದ್ದುಕೊಂಡಿತ್ತು.

“ದೋನ್ ಎವಾರಿಸ್ತೊ, ಯಜಮಾನ್ರು ದಾರೀಲಿ ಮಲಗ್ಬಿಟ್ಟಿದಾರೆ” ಎಂದ ಮಾರ್ಗದರ್ಶಿ. ಹಿರಿಯರ ಹೆಸರಿಗೆ ದೋನ್ ಸೇರಿಸುವುದು ನಮ್ಮಲ್ಲಿ ವಾಡಿಕೆ.

“ಆಫೀಸಿನ ಇಂಜಿನಿಯರ್ ಇರ್ಬೇಕು ನೋಡು. ಕೆಲಸದ ಹೊತ್ನಲ್ಲಿ ಇಷ್ಟು ನಿದ್ದೆ ಬರೋದು ಅವರಿಗೇನೆ.”

ಮಾರ್ಗದರ್ಶಿಯ ಹೆಸರು ಲೆನಿನ್. ನಮ್ಮ ದೇಶದಲ್ಲಿ ಆ ಹೆಸರಿನವರು ಬೀದಿಗೆ ಇಬ್ಬರು ಸಿಗುತ್ತಾರೆ. ಮಗ ಕಂಪನಿಯ ಎದುರು ಗಟ್ಟಿಯಾಗಿ ಕೆಮ್ಮಲೂ ಹೆದರುತ್ತಾನೆಂದು ಹೆಸರಿಟ್ಟ ಅಪ್ಪನಿಗೆ ಹೇಗೆ ಗೊತ್ತಾಗಬೇಕು. ಆದರೆ ಕೆಟ್ಟವನಲ್ಲ. ಅವನು ಚಪ್ಪಾಳೆ ತಟ್ಟಿ ಆ ಗಂಡು ಕಡಲಸಿಂಹವನ್ನು ಎಬ್ಬಿಸಿದ, ಅದು ಬೈಯುತ್ತ ನೀರಿಗೆ ಬಿತ್ತು. ಎವಾರಿಸ್ತೊ ದೋಣಿಯ ಮೂತಿಯಲ್ಲಿ ಒಂದು ಮೊಣಕಾಲೂರಿ ಒಬ್ಬೊಬ್ಬರನ್ನೇ ಬಂಡೆಗೆ ದಾಟಿಸತೊಡಗಿದ. ಮೆಟ್ಟಿಲು ಪಾಚಿಗೆ, ಕಡಲಸಿಂಹದ ಉಚ್ಚೆಗೆ ಗಾಜಿನಂತಾಗಿತ್ತು.

ಅರ್ಧ ಜನ ದಾಟಿದ್ದರು. ಆಗ ಹತ್ತಿರದಲ್ಲೇ ಒಂದು ಹೆಣ್ಣು ಕಡಲಸಿಂಹ ಮರಿ ಹಾಕಿತು. ಕರ್ರಗಿನ ಒದ್ದೆ ಚೀಲದಂಥದ್ದು ಬಂಡೆಗೆ ಜಾರಿ, ತಲೆಯೆತ್ತಿ, ಕುರಿಮರಿಯಂತೆ ಕೂಗಿತು. ಹಿಂದೆಯೇ ಮಾಸು ಬಿತ್ತು. ಅದಕ್ಕೇ ಕಾದಿದ್ದವೋ ಎಂಬಂತೆ ಕತ್ತರಿಬಾಲದ ಫ್ರಿಗೇಟ್ ಹಕ್ಕಿಗಳು ಮೇಲಿನಿಂದ ಎರಗಿದವು. ಒಂದು ಕಚ್ಚಿ ಎತ್ತಿದರೆ ಇನ್ನೊಂದು ಗಾಳಿಯಲ್ಲೇ ಕಿತ್ತುಕೊಂಡಿತು. ತಾಯಿ ಬಾಯಿ ತೆರೆದು ಹಕ್ಕಿಗಳನ್ನು ಓಡಿಸುತ್ತ ಮರಿಯನ್ನು ಹೊಟ್ಟೆಯ ಕೆಳಕ್ಕೆ ಎಳೆದುಕೊಂಡಿತು. ಲೆನಿನ್ ಬಂಡೆಯ ಮೇಲಿದ್ದವರಿಗೆ ದೂರ ನಿಲ್ಲಿ, ಮುಟ್ಟಬೇಡಿ ಎಂದು ಕೈಯಗಲಿಸಿ ದೋಣಿಗೆ ಬೆನ್ನು ಹಾಕಿ ನಿಂತ. ಎಲ್ಲರ ಕ್ಯಾಮೆರಾಗಳೂ ಒಂದೇ ಕಡೆ ತಿರುಗಿದವು.

ದಾಟುವ ಸರದಿ ಹೆಂಡ್ರಿಕ್ ಎಂಬ ಆರಡಿ ಮೀರಿದ ಡಚ್ಚನದು. ದಾಟುವಾಗ ಎರಡೂ ಕೈ ಖಾಲಿ ಇರಬೇಕು, ಕ್ಯಾಮೆರಾ ಚೀಲದಲ್ಲಿರಬೇಕು. ಅವನು ಬಲಗೈಯಲ್ಲಿ ಕ್ಯಾಮೆರಾ ಎತ್ತಿ ಹಿಡಿದು, ಎಡಗೈಯ ಬೆರಳ ತುದಿಗಳನ್ನು ಮಾತ್ರ ಎವಾರಿಸ್ತೊನ ಕಡೆ ಚಾಚಿ, ಮರಿಯನ್ನೇ ನೋಡುತ್ತ ಕಾಲೆತ್ತಿದ. ಅಲೆ ಉಬ್ಬಿತು. ದೋಣಿ ಮೇಲೆದ್ದು ಕುಸಿಯಿತು. ಹೆಂಡ್ರಿಕನ ಕಾಲು ಮೆಟ್ಟಿಲಿನಿಂದ ಜಾರಿ, ದೋಣಿಗೂ ಬಂಡೆಗೂ ನಡುವಿನ ಸಂದಿಗೆ ಇಡೀ ಮೈ ಇಳಿಯತೊಡಗಿತು. ಮುಂದಿನ ಅಲೆಗೆ ದೋಣಿ ಬಂಡೆಗೆ ಬಡಿದರೆ ನಡುವೆ ಇರುವುದು ಕಡಲೆಕಾಯಿಯಂತೆ ಒಡೆಯುತ್ತದೆ.

ಎವಾರಿಸ್ತೊ ಬೆರಳು ಬಿಟ್ಟು ಮಣಿಕಟ್ಟಿಗೆ ಕೈ ಹಾಕಿದ. ಹಿಡಿತ ಸಿಕ್ಕಿತು. ದೋಣಿ ಕೆಳಗೆ, ಭಾರ ಅಡ್ಡಕ್ಕೆ, ಭುಜದೊಳಗೆ ಏನೋ ಒದ್ದೆ ಬಟ್ಟೆ ಹರಿದಂತೆ ಹರಿಯಿತು. ಬಿಡಲಿಲ್ಲ. ಅಲೆ ಮತ್ತೆ ಎತ್ತಿದಾಗ ಆ ಏಳಿಕೆಯಲ್ಲೇ ಅವನನ್ನು ಮೆಟ್ಟಿಲಿಗೆ ಎಸೆದ. ಹೆಂಡ್ರಿಕ್ ನಾಲ್ಕು ಕಾಲಲ್ಲಿ ಎರಡು ಮೆಟ್ಟಿಲು ಹತ್ತಿ, ಎದ್ದು, ತಿರುಗದೆಯೇ “ಗ್ರಾಸಿಯಾಸ್” ಎಂದು ನಮ್ಮ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಿ, ಕ್ಯಾಮೆರಾದ ಮೇಲಿನ ನೀರು ಒರೆಸಿಕೊಂಡು ಮರಿಯ ಕಡೆ ನಡೆದ. ದೋಣಿಯ ಎಂಜಿನ್ ಹಿಡಿದಿದ್ದ ಇನ್ನೊಬ್ಬ ಖಲಾಸಿಯ ಕಣ್ಣು ಅಲೆಯ ಮೇಲಿತ್ತು, ಇರಬೇಕಾದದ್ದೂ ಅಲ್ಲೇ. ಉಳಿದವರನ್ನು ಎವಾರಿಸ್ತೊ ಎಡಗೈಯಲ್ಲಿ ದಾಟಿಸಿದ.

ಹಡಗಿಗೆ ಮರಳಿದ ಮೇಲೆ ಲೆನಿನ್‌ಗೆ ಹೇಳಿದ. “ಭುಜ ಹೋಯ್ತು ಕಣೋ. ಎತ್ತೋಕೇ ಆಗ್ತಿಲ್ಲ.”

ಲೆನಿನ್ ಬೆವರಿದ. “ಈಗ ಅಪಘಾತ ಅಂತ ಕ್ಯಾಪ್ಟನ್ ಬರೆದ್ರೆ ಹಡಗು ವಾಪಸ್ ತಿರುಗಿಸ್ಬೇಕಾಗುತ್ತೆ, ದೋನ್ ಎವಾರಿಸ್ತೊ. ಇವರೆಲ್ಲ ದುಡ್ಡು ವಾಪಸ್ ಕೇಳ್ತಾರೆ. ಸುತ್ತು ಮುಗೀಲಿ, ಬಂದರಲ್ಲಿ ನಾನೇ ನಿಂತು ಬರೆಸ್ತೀನಿ.”

“ಆಣೆ?”

“ನಮ್ಮಮ್ಮನ ಆಣೆ.”

ಎವಾರಿಸ್ತೊ ತಲೆಯಾಡಿಸಿದ. ಹಡಗಿನವರಷ್ಟೇ ಮಾಡುವ ತಪ್ಪು ಇದು. ಪ್ರವಾಸ ನಿಲ್ಲಬಾರದು ಎಂಬುದು ಇವರ ರಕ್ತದಲ್ಲಿ ಇಳಿದುಬಿಟ್ಟಿದೆ, ಪ್ರವಾಸ ತಮ್ಮಪ್ಪನ ಮನೆಯದೋ ಎಂಬಂತೆ. ಉಳಿದ ದಿನಗಳೆಲ್ಲ ಅವನು ಎಡಗೈಯಲ್ಲೇ ಜನರನ್ನು ನೀರಿನಿಂದ ಎಳೆದ, ಕಯಾಕ್ ಇಳಿಸಿದ. ಯಾರೂ ಕೇಳಲಿಲ್ಲ.

ಕೊನೆಯ ಸಂಜೆ ವಿದಾಯದ ಕೂಟ. ಹಡಗಿನವರೆಲ್ಲ ಬಿಳಿ ಸಮವಸ್ತ್ರದಲ್ಲಿ ಸಾಲಾಗಿ ನಿಂತು ಗ್ಲಾಸು ಎತ್ತಬೇಕು. ಎವಾರಿಸ್ತೊ ಎಡಗೈಯಲ್ಲಿ ಎತ್ತಿದ. ಆಮೇಲೆ ಪ್ರವಾಸಿಗರು ತೆಗೆದ ಚಿತ್ರಗಳನ್ನು ಗೋಡೆಯ ಟೀವಿಯಲ್ಲಿ ಒಂದೊಂದಾಗಿ ಬಿಟ್ಟರು. ನೀಲಿಗಾಲಿನ ಹಕ್ಕಿ ಹೆಣ್ಣಿನೆದುರು ಕಾಲೆತ್ತಿ ಕುಣಿಯುವುದು, ಒಂದರ ಮೇಲೊಂದು ಬಿದ್ದು ಬಿಸಿಲು ಕಾಯುವ ಕಡಲ ಉಡಗಳು. ಆಮೇಲೆ ಆ ಮರಿ. ದೋಣಿಯ ಹಿಂಬದಿಯಲ್ಲಿ ಕೂತಿದ್ದ ಹೆಂಗಸೊಬ್ಬಳು ತೆಗೆದದ್ದು, ಮಣಿಕಟ್ಟಿನಲ್ಲಿ ನೀಲಿ ದಾರ ಕಟ್ಟಿಕೊಂಡವಳು. ನಡುವೆ ತಾಯಿ, ಮರಿ, ಎರಗುವ ಹಕ್ಕಿ. ಎಡಗಡೆಯ ಅಂಚಿನಲ್ಲಿ ಸಂದಿಗೆ ಇಳಿಯುತ್ತಿರುವ ಹೆಂಡ್ರಿಕನ ಅರ್ಧ ಮೈ, ಅವನ ಮಣಿಕಟ್ಟನ್ನು ಕಚ್ಚಿ ಹಿಡಿದ ಒಂದು ತೋಳು. ಭುಜದ ಬಳಿ ಆ ತೋಳು ತಿರುಗಬಾರದ ಕಡೆಗೆ ತಿರುಗಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು, ಮರಿಗೆ. ತನ್ನ ತೋಳನ್ನು ಹೊರಗಿನಿಂದ ಎವಾರಿಸ್ತೊ ನೋಡಿದ್ದು ಅದೇ ಮೊದಲು. ಸಾಲಿನಲ್ಲಿ ಪಕ್ಕದಲ್ಲಿದ್ದ ಲೆನಿನ್ ನೆಲ ನೋಡುತ್ತಿದ್ದ.

ಬಂದರಿಗೆ ಬಂದ ಮೇಲೆ ಯಾರೂ ಏನೂ ಬರೆಸಲಿಲ್ಲ. ಹೊಸ ಪ್ರವಾಸಿಗರು ಆಗಲೇ ಕಾಯುತ್ತಿದ್ದರು. ಆಸ್ಪತ್ರೆಯ ಡಾಕ್ಟರ್ ಭುಜದ ಸ್ನಾಯು ಹರಿದಿದೆ, ಕಡಲಾಚೆಯ ದೊಡ್ಡ ಊರು ಗ್ವಾಯಾಕಿಲಿಗೆ ಹೋಗಿ ಹೊಲಿಸಬೇಕು, ತಡಮಾಡಿದರೆ ಅದು ಮುದುಡಿಕೊಂಡುಬಿಡುತ್ತದೆ, ಆಮೇಲೆ ಹೊಲಿದರೂ ಹಿಡಿಯದು ಎಂದರು. ಕಂಪನಿ ಕರಾರು ನಿಲ್ಲಿಸಿತು, ಬಾಕಿಯಿದ್ದ ಸಂಬಳವನ್ನೂ ತಡೆಹಿಡಿಯಿತು. ಅವನು ಆಫೀಸಿಗೆ ಹೋದ.

“ದೋನ್ ಎವಾರಿಸ್ತೊ, ನಿಮ್ಮ ಮೇಲೆ ನಮಗೆ ತುಂಬಾ ಗೌರವ” ಎಂದರು ಆಫೀಸು ನಡೆಸುವ ಇಂಜಿನಿಯರ್.

“ಗೌರವ ಬೇಡ ಇಂಜಿನಿಯರೇ, ಆಪರೇಷನ್ ಬೇಕು.”

“ನೀವು ಹಳೇ ಮುಳುಗುಗಾರ್ರು. ಮುಳುಗೋರ ಭುಜ ಹಾಳಾಗೋದು ಊರಿಗೇ ಗೊತ್ತು.”

“ನೋವಿತ್ತು, ಇಲ್ಲ ಅನ್ನಲ್ಲ. ನೋವಿಟ್ಕೊಂಡೇ ನಿಮ್ಮ ಜನಾನ ದಾಟಿಸ್ತಿದ್ದೆ. ಈಗ ಚಮಚ ಎತ್ತಲ್ಲ ಇದು. ಆ ಡಚ್ಚನ್ನ ಕೇಳಿ.”

“ಕೇಳಿದ್ವಿ. ಕಾಲು ಸ್ವಲ್ಪ ಜಾರ್ತು, ಬ್ಯಾಲೆನ್ಸ್ ಮಾಡ್ಕೊಂಡೆ ಅಂದ್ರು.”

ಎವಾರಿಸ್ತೊನಿಗೆ ನಗು ಬಂತು. “ಅಷ್ಟು ಬ್ಯಾಲೆನ್ಸ್ ಇದ್ದೋನು ಸರ್ಕಸ್ಸಿಗೆ ಹೋಗ್ಬೇಕಿತ್ತು. ಲೆನಿನ್ ಏನಂದ?”

“ಮರಿ ನೋಡ್ತಿದ್ದೆ ಅಂದ.”

“ಫೋಟೋ ಇದೆ. ಟೀವೀಲಿ ತೋರಿಸಿದ್ರು, ಎಲ್ಲರೂ ನೋಡಿದಾರೆ.”

ಇಂಜಿನಿಯರ್ ಗೋಡೆಯ ಕಡೆ ಕೈ ತೋರಿಸಿದರು. ಕಂಪನಿಯ ಹೊಸ ಜಾಹೀರಾತು, ಕಿಟಕಿಯಷ್ಟು ದೊಡ್ಡದು. ಅದೇ ತಾಯಿ, ಅದೇ ಮರಿ, ಅದೇ ಹಕ್ಕಿ. ಎಡ ಅಂಚು ಕತ್ತರಿಸಿ ಹೋಗಿತ್ತು. “ಇದೇ ಅಲ್ವಾ? ಇದರಲ್ಲಿ ಕೈ ಎಲ್ಲಿದೆ, ತೋರಿಸಿ ನೋಡೋಣ.”

ಮಾರನೆಯ ಬೆಳಿಗ್ಗೆ ಲೆನಿನ್ ನಾರ್ಸಿಸಾಳ ಗಾಡಿಯ ಹತ್ತಿರ ಬಂದು ನಿಂತ. ಪಕ್ಕದ ಬೆಂಚಿನಲ್ಲಿ ಎವಾರಿಸ್ತೊ ಕೂತಿದ್ದ. ಉಳಿದ ಜಾಗದಲ್ಲಿ ಎಂದಿನಂತೆ ಕಡಲಸಿಂಹವೊಂದು ಮಲಗಿತ್ತು.

“ಬಾ ಲೆನಿನ್. ತಿನ್ನೋಕಾದ್ರೂ ಬಾಯಿ ತೆಗೀತೀಯಲ್ಲ, ಅಷ್ಟು ಸಾಕು” ಎಂದಳು ನಾರ್ಸಿಸಾ.

“ದೋನ್ಯಾ ನಾರ್ಸಿಸಾ, ನಂಗೂ ಮಕ್ಕಳಿದಾವೆ.”

“ಇರ್ಲಿ, ದೇವರು ಚೆನ್ನಾಗಿಟ್ಟಿರ್ಲಿ. ನಿಮ್ಮಮ್ಮ ಹೇಗಿದಾಳೆ? ನೀನು ಆಣೆ ಮುರಿದ್ಮೇಲೂ ಉಸಿರಾಡ್ತಿದಾಳಾ?”

ಲೆನಿನ್ ಬೊಲೋನಿಗೆ ಕೈ ಚಾಚಲಿಲ್ಲ. ಎವಾರಿಸ್ತೊನಿಗಷ್ಟೇ ಕೇಳುವಂತೆ ಹೇಳಿದ: “ಕತ್ತರಿಸ್ದೇ ಇರೋ ಫೋಟೋ ನನ್ನ ಹತ್ರ ಇಲ್ಲ. ಆ ಹೆಂಗಸು ಇಳಿಯೋಕ್ಮುಂಚೆ ಜೊತೆಯವರಿಗೆಲ್ಲ ಕಳಿಸಿದ್ಲು. ಹದಿನಾರು ಜನರ ಫೋನಲ್ಲೂ ಅದಿದೆ.”

“ಅವರ ಹೆಸರು ಕೊಡು.”

“ಆಫೀಸಲ್ಲಿ ಬೀಗ ಹಾಕಿಟ್ಟಿದಾರೆ. ಪ್ರವಾಸಿಗರ ಗುಟ್ಟು ಕಾಪಾಡ್ಬೇಕಂತೆ.”

“ನೀನು ನೋಡಿದ್ದು ಹೇಳ್ತೀಯಾ?”

ಲೆನಿನ್ ಹಡಗಿನ ಕಡೆ ನೋಡಿದ. ಪಾಂಗಾ ಆಗಲೇ ಕಟ್ಟೆಗೆ ಬಂದಿತ್ತು. ಹೋದ.

ಎವಾರಿಸ್ತೊ ದೂರು ಕೊಟ್ಟಿರುವ ಕಾರ್ಮಿಕ ಅಧಿಕಾರಿ ಒಳ್ಳೆಯ ಮನುಷ್ಯ. ಸಾಕ್ಷಿ ತನ್ನಿ, ಒಂದೇ ಒಂದು ಸಾಕು, ನಾಳೆಯೇ ಆದೇಶ ಬರೆಯುತ್ತೇನೆ ಎನ್ನುತ್ತಾನೆ. ನಾಲ್ಕು ತಿಂಗಳಿಂದ ಅದನ್ನೇ ಎನ್ನುತ್ತಿದ್ದಾನೆ. ಅಷ್ಟು ಹೊತ್ತೂ ಒಳಗೆ ಸ್ನಾಯು ಮುದುಡುತ್ತಿದೆ. ಅದಕ್ಕೆ ಕಾನೂನು ಗೊತ್ತಿಲ್ಲ. ಎವಾರಿಸ್ತೊ ಎಡಗೈಯಲ್ಲಿ ಬಾಳೆಕಾಯಿ ಸುಲಿಯಲು ಕಲಿತಿದ್ದಾನೆ. ನಾರ್ಸಿಸಾ ಅವನು ಸುಲಿದದ್ದನ್ನು ಅವನು ಆಚೆ ಹೋದಾಗ ಇನ್ನೊಮ್ಮೆ ಸುಲಿಯುತ್ತಾಳೆ.

ಈಗ ಓದುತ್ತಿರುವ ನಿಮ್ಮ ಮಾತು. ಆ ಹದಿನಾರು ಜನರಲ್ಲಿ ನೀವೊಬ್ಬರಾಗಿದ್ದರೆ, ನಿಮ್ಮ ನೆಂಟರೋ ಗೆಳೆಯರೋ ಇದ್ದರೆ, ಎದ್ದು ಫೋನ್ ತೆಗೆಯಿರಿ. ಮರಿಯನ್ನು ಸಾಕಷ್ಟು ನೋಡಿದ್ದೀರಿ, ಎಡಗಡೆಯ ಅಂಚು ನೋಡಿ. ಕತ್ತರಿಸದೆ ಆ ಕಾರ್ಮಿಕ ಅಧಿಕಾರಿಗೆ ಕಳಿಸಿ, ನಾನು ಅಲ್ಲಿದ್ದೆ ಎಂದು ಕೆಳಗೆ ನಿಮ್ಮ ಹೆಸರು ಹಾಕಿ. ನಾವು ಅವರಲ್ಲಿಲ್ಲ, ಅವರ ನೆಂಟರೂ ಅಲ್ಲ, ನಮಗೇನು ಸಂಬಂಧ ಅನ್ನುತ್ತೀರಾ? ನೀವೂ ಯಾವುದೋ ನೀರಿನಲ್ಲಿ ಯಾವುದೋ ದೋಣಿಗೆ ಇಳಿದಿದ್ದೀರಿ. ಯಾರೋ ನಿಮ್ಮ ಮಣಿಕಟ್ಟು ಹಿಡಿದು ಇಳಿಸಿದ್ದಾರೆ. ಅವರ ಹೆಸರೇನು? ಗೊತ್ತಿಲ್ಲದಿದ್ದರೆ ಹೋಗಿ ಕೇಳಿಕೊಂಡು ಬನ್ನಿ. ಆ ತೋಳು ಮುರಿದ ದಿನ ಸಾಕ್ಷಿಗೆ ನಿಮ್ಮನ್ನು ಕರೆಯುತ್ತಾರೆ. ಬರುತ್ತೀರೋ ಇಲ್ಲವೋ, ಈಗಲೇ ಹೇಳಿ.