ಎರಡು ಕಿಲೋಮೀಟರು ದೂರದ ಕೆಲಸ

ಪ್ರತಿ ಮನುಷ್ಯನಿಗೂ ಈ ಭೂಮಿಯ ಮೇಲೆ ಒಂದು ಕೆಲಸ ಮೀಸಲಾಗಿರುತ್ತದೆ ಎಂದು ಗಾಢವಾಗಿ ನಂಬಿದವನು ನಾನು. ಕುಂದಾಪುರದಲ್ಲಿ ನಾನಿದ್ದ ಮುದ್ರಣಾಲಯ ಮುಚ್ಚಿದ ಮೇಲೆ, ನನ್ನ ಪಾಲಿನ ಆ ಕೆಲಸ ಎಲ್ಲಿದೆಯೆಂದು ಐದು ತಿಂಗಳು ಹೆಂಡತಿಯ ಮೊಬೈಲಿನಲ್ಲಿ ಹುಡುಕಬೇಕಾಯಿತು. ನನ್ನ ಐವತ್ತೆರಡರ ವಯಸ್ಸನ್ನು ಕಂಡೊಡನೆ ಹೆಚ್ಚಿನ ಕಂಪನಿಗಳು ಮೌನವ್ರತ ಹಿಡಿದವು.

ಕೊನೆಗೆ ಗಂಗೊಳ್ಳಿಯ ಐಸ್ ಪ್ಲಾಂಟೊಂದು ಸಂದರ್ಶನಕ್ಕೆ ಕರೆಯಿತು. ಮೇಲ್ವಿಚಾರಕನ ಕೆಲಸ, ಬೆಳಿಗ್ಗೆ ಹತ್ತಕ್ಕೆ ಹಾಜರಿರಬೇಕು. ಮನೆಯಿಂದ ದೂರ ಎರಡು ಕಿಲೋಮೀಟರು ಎಂದು ಮೊಬೈಲು ತೋರಿಸಿತು.

"ಮಧ್ಯ ಹೊಳಿ ಇಪ್ಪುದೇ ಇದಕ್ಕೆ ಗೊತ್ತಿಲ್ಲೆ" ಎಂದು ಹೆಂಡತಿಯೆದುರು ನಕ್ಕೆ. ಹುಟ್ಟೂರಿನ ಭೂಗೋಳ ಬಲ್ಲವನಾದ್ದರಿಂದ ತ್ರಾಸಿ ಸುತ್ತಿ ಹೋಗುವ ಬಸ್ಸು ಹತ್ತಿದೆ. ಅದು ಕೈ ತೋರಿಸಿದವರಿಗೆಲ್ಲ ನಿಂತಿತು. ನಾನು ಗಂಗೊಳ್ಳಿ ಮುಟ್ಟಿದಾಗ ಹತ್ತೂಮುಕ್ಕಾಲು.

ಮಾಲೀಕರು ಗಡಿಯಾರ ನೋಡಿದರು. "ಎಂತ ಮಾರಾಯ್ರೆ, ಹೊಳಿ ಆಚಿಂದ ಬಪ್ಪುಕೆ ಇಷ್ಟ್ ಹೊತ್ತಾ?"

"ಬಸ್ಸ್ ತ್ರಾಸಿ ಸುತ್ತಿ ಬತ್ತಲ್ದಾ?" ಎಂದೆ.

"ದೋಣಿ ಇತ್ತಲೆ! ನೀವ್ ಕುಂದಾಪ್ರದವರೋ, ಘಟ್ಟದ ಮೇಲಿನವರೋ?"

ಚಿಕ್ಕಂದಿನಲ್ಲಿ ಅಜ್ಜಿಯ ಜತೆ ಮೀನಿಗೆಂದು ದಾಟುತ್ತಿದ್ದದ್ದು ಆ ದೋಣಿಯಲ್ಲೇ. ಹೊಳೆ ಅರಿಯದ ಮೊಬೈಲನ್ನು ನೋಡಿ ನಕ್ಕವನು ದೋಣಿಯನ್ನೇ ಮರೆತಿದ್ದೆ. ಹಾಗೆಂದು ಅವರಲ್ಲಿ ಒಪ್ಪಿಕೊಂಡೆ. ಅವರಿಗೆ ನಗು ತಡೆಯಲಾಗಲಿಲ್ಲ. "ನಾಳೆ ದೋಣಿ ಹತ್ತಿ ಬನ್ನಿ, ಕಾಂಬ" ಎಂದರು.

ಮರುದಿನ ದೋಣಿಯಲ್ಲಿ ಒಂಬತ್ತೂವರೆಗೇ ಹೋಗಿ ಅವರ ಗೇಟಿನ ಮುಂದೆ ನಿಂತೆ. ನಾನು ಅಲ್ಲಿ ಕೆಲಸಕ್ಕೆ ಸೇರಿ ಈಗ ಎಂಟು ತಿಂಗಳಾಯಿತು.